ಬಿದ್ದ ಜಾಗಕ್ಕೆ ಒಂದು ಹಾದಿ

ಆಷಾಢ ಹುಣ್ಣಿಮೆಯ ಹಿಂದಿನ ದಿನ ಸಿಂಹಾಚಲದ ಬುಡದಲ್ಲಿ ತೆಂಗಿನಕಾಯಿ ಒಡೆಯುವ ಸದ್ದು ನಿಲ್ಲುವುದೇ ಇಲ್ಲ. ಬೆಟ್ಟ ಹತ್ತುವ ಮೆಟ್ಟಿಲುಗಳ ಮೊದಲನೆಯದಕ್ಕೆ ಅಲ್ಲಿನವರು 'ತೊಲಿ ಪಾವಂಚ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ನಮ್ಮ 'ಪಾವಟಿಗೆ'ಯನ್ನು ನೆನಪಿಸುತ್ತದೆ. ಅಲ್ಲಿ ಕಾಯಿ ಒಡೆದವರು ಬೆಟ್ಟ ಹತ್ತುವುದಿಲ್ಲ, ಸುತ್ತುತ್ತಾರೆ. ಅಡವಿವರಂ, ಹನುಮಂತವಾಕ, ಅಪ್ಪೂಘರ್ ಬಳಿಯ ಕಡಲತೀರ, ಗೋಪಾಲಪಟ್ನಂ, ಮತ್ತೆ ಸಿಂಹಾಚಲ. ಒಟ್ಟು 32 ಕಿಲೋಮೀಟರ್, ಹೆಚ್ಚಿನವರು ಬರಿಗಾಲಲ್ಲಿ, ರಾತ್ರಿಯಿಡೀ.

ಆ ರಾತ್ರಿ ವಿಶಾಖಪಟ್ಟಣದ ರಸ್ತೆಬದಿಯಲ್ಲಿ ಮೇಜು ಹಾಕಿಕೊಂಡು ನಿಲ್ಲುವವರದೇ ಒಂದು ದೊಡ್ಡ ಗುಂಪು. ನೀರು, ಮಜ್ಜಿಗೆ, ಬಾಳೆಹಣ್ಣು, ಬೊಬ್ಬೆ ಬಂದ ಕಾಲಿಗೆ ಮುಲಾಮು. ಯಾವುದೋ ಅಪಾರ್ಟ್‌ಮೆಂಟಿನವರು, ಯಾವುದೋ ಕಾಲೇಜಿನ ಹುಡುಗರು, ಯಾವುದೋ ಅಂಗಡಿಯವರು. ಬೆಳಗಾದರೆ ಮೇಜುಗಳೂ ಇಲ್ಲ, ಹಾದಿಯೂ ಇಲ್ಲ. ಉಳಿದ ದಿನಗಳಲ್ಲಿ ಅದು ಬಸ್ಸು, ಲಾರಿ, ಆಟೋ ಓಡಾಡುವ ಊರಿನ ರಸ್ತೆ ಅಷ್ಟೆ. ವರ್ಷಕ್ಕೊಮ್ಮೆ ಜನ ನಡೆಯುವುದರಿಂದ ಮಾತ್ರ ಅದು ಪ್ರದಕ್ಷಿಣೆಯ ಹಾದಿ. ಒಂದೆರಡು ತಲೆಮಾರು ನಡೆಯದಿದ್ದರೆ ನಕ್ಷೆಯಲ್ಲಿ ಅದನ್ನು ಯಾರೂ ಗುರುತಿಸಲಾರರು.

ಕನ್ನಡದಲ್ಲಿ 'ದಾರಿ ಸವೆಸುವುದು' ಎಂಬ ಮಾತಿದೆ. ಸವೆಯುವುದೆಂದರೆ ಕಮ್ಮಿಯಾಗುವುದು, ತೆಳುವಾಗುವುದು. ಚಪ್ಪಲಿ ಸವೆಯುತ್ತದೆ, ನಾಣ್ಯ ಸವೆಯುತ್ತದೆ, ಸವೆದಷ್ಟೂ ಕೆಡುತ್ತವೆ. ದಾರಿಯ ವಿಷಯದಲ್ಲಿ ಮಾತ್ರ ತಿರುಗುಮುರುಗು. ಸವೆದರೆ ಉಳಿಯುತ್ತದೆ, ಸವೆಯದಿದ್ದರೆ ಅಳಿಯುತ್ತದೆ.

ಸಿಂಹಾಚಲಕ್ಕೂ ಕನ್ನಡನಾಡಿಗೂ ಇರುವ ನಂಟಿನ ಗುರುತು ಕಲ್ಲಿನಲ್ಲಿದೆ. ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರ ಹೆಸರು 13ನೆಯ ಶತಮಾನದ ಕೊನೆಯ ಭಾಗದ ಶಾಸನಗಳಲ್ಲಿ ಇಲ್ಲೂ ಶ್ರೀಕೂರ್ಮದಲ್ಲೂ ಸಿಗುತ್ತದೆ. ಗಜಪತಿಗಳ ಮೇಲೆ ದಂಡೆತ್ತಿ ಬಂದ ಕೃಷ್ಣದೇವರಾಯ 1516ರಲ್ಲೂ 1519ರಲ್ಲೂ ಇಲ್ಲಿಗೆ ಬಂದು ಒಡವೆ, ಊರುಗಳನ್ನು ಕೊಟ್ಟದ್ದನ್ನು ಕೊರೆಸಿಟ್ಟಿದ್ದಾನೆ. ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಮೆಟ್ಟಿಲು ಕಡಿದವರ, ಮೆಟ್ಟಿಲ ನಡುವಿನ ಹುಲ್ಲು ಕಿತ್ತವರ ಹೆಸರು ಉಳಿಯುವುದು ಅಪರೂಪ.

ಮಾರ್ಚ್ ಹೊತ್ತಿಗೆ ಪೂರ್ವಘಟ್ಟದ ಈ ಸಾಲಿನಲ್ಲಿ ಹುಲ್ಲು ಒಣಗುತ್ತದೆ. ಪಕ್ಕದಲ್ಲೇ ಕಂಬಾಲಕೊಂಡ ಅಭಯಾರಣ್ಯ, ಅದರಾಚೆ ಊರು. 'ಅಡವಿವರಂ' ಎಂಬ ಹೆಸರಿನೊಳಗಿನ ಅಡವಿ ನಮ್ಮ ಅಡವಿಯೇ. ಒಂದು ಬೀಡಿಯ ತುಂಡು, ಕುರಿಗೆ ಹೊಸ ಹುಲ್ಲು ಚಿಗುರಲೆಂದು ಗೀರಿದ ಒಂದು ಕಡ್ಡಿ ಸಾಕು. ಇಂಥ ಗುಡ್ಡಗಳಲ್ಲಿ ರಾತ್ರಿ ಬೆಂಕಿಯ ಗೆರೆಯೊಂದು ನಿಧಾನವಾಗಿ ಮೇಲೇರುವುದನ್ನು ಊರಿನ ಮಹಡಿಗಳಿಂದ ನೋಡಬಹುದು. ನೋಡಲು ಚಂದ. ಆ ಗೆರೆಯ ತುದಿಯಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿರುವ ನಾಲ್ಕೈದು ಜನ ದೂರಕ್ಕೆ ಕಾಣುವುದಿಲ್ಲ. ಅವರಲ್ಲಿ ಒಬ್ಬ ಮನೆಗೆ ಬರದಿದ್ದರೆ, ಅವನು ಬಿದ್ದ ಜಾಗಕ್ಕೆ ಯಾರು ನಡೆದು ಹೋಗುತ್ತಾರೆ?

ಈ ಪ್ರಶ್ನೆಗೆ ಒಂದು ಉತ್ತರ ಅಮೆರಿಕದ ಕೊಲರಾಡೋದಲ್ಲಿದೆ. ಗ್ಲೆನ್‌ವುಡ್ ಸ್ಪ್ರಿಂಗ್ಸ್ ಊರಿನ ಪಶ್ಚಿಮಕ್ಕೆ ಸ್ಟಾರ್ಮ್ ಕಿಂಗ್ ಎಂಬ ಬೆಟ್ಟ. 1994ರ ಜುಲೈ 2ರಂದು ಸಿಡಿಲು ಬಡಿದು ಅಲ್ಲಿ ಸಣ್ಣ ಬೆಂಕಿ ಹತ್ತಿತು. ನಾಲ್ಕು ದಿನದ ನಂತರ, ಜುಲೈ 6ರ ಮಧ್ಯಾಹ್ನ, ಬೆಟ್ಟದ ಪಶ್ಚಿಮ ಮಗ್ಗುಲಲ್ಲಿ ಒಂದು ತಂಡ ಪೊದೆ ಕಡಿದು ಬೆಂಕಿ ರೇಖೆ ತೆಗೆಯುತ್ತಿದ್ದಾಗ ಗಾಳಿಯ ದಿಕ್ಕು, ವೇಗ ಎರಡೂ ಬದಲಾದವು. ಕೆಳಗಿನ ಕಣಿವೆ ದಾಟಿದ ಬೆಂಕಿ ಓಕ್ ಪೊದೆಗಳನ್ನು ಹಿಡಿದು ಇಳಿಜಾರಿನಲ್ಲಿ ಮೇಲಕ್ಕೆ ಓಡಿತು. ಮನುಷ್ಯ ಬೆಟ್ಟವನ್ನು ಏರುವ ವೇಗಕ್ಕಿಂತ ಬೆಂಕಿ ಏರುವ ವೇಗ ಹೆಚ್ಚು. ಉರಿ ತನ್ನ ಮುಂದಿನ ಸೊಪ್ಪನ್ನು ಮೊದಲೇ ಕಾಯಿಸಿ ಒಣಗಿಸುತ್ತ ಹೋಗುತ್ತದೆ, ಹಾಗಾಗಿ ಇಳಿಜಾರು ಕಡಿದಾದಷ್ಟೂ ಅದಕ್ಕೆ ಅನುಕೂಲ. ಆ ದಿನ 14 ಮಂದಿ ಸತ್ತರು. ಒಂಬತ್ತು ಜನ ಒರೆಗಾನಿನ ಪ್ರೈನ್‌ವಿಲ್ ಎಂಬ ಒಂದೇ ಊರಿನ ತಂಡದವರು.

ಬೆಂಕಿ ಆರಿದ ಮೇಲೆ ಅವರ ಅಪ್ಪ ಅಮ್ಮಂದಿರು, ಗೆಳೆಯರು, ಜೊತೆಯಲ್ಲಿ ಕೆಲಸ ಮಾಡಿದವರು ಆ ಬೆಟ್ಟ ಹತ್ತತೊಡಗಿದರು. ಸರ್ಕಾರ ಹಾದಿ ಮಾಡಿರಲಿಲ್ಲ. ಅವರ ಕಾಲೇ ಮೊದಲು ಒಂದು ಜಾಡು ಮಾಡಿತು. ಆಮೇಲೆ ಸ್ವಯಂಸೇವಕರು ಗುದ್ದಲಿ, ಗರಗಸ ಹಿಡಿದು ಬಂದರು, ಮಳೆನೀರು ಹಾದಿಯನ್ನು ಕೊಚ್ಚದಂತೆ ಅಡ್ಡ ಕಟ್ಟೆ ಕೊಟ್ಟರು, ಬೆಳೆದ ಪೊದೆ ಸವರಿದರು. ಒಬ್ಬೊಬ್ಬರೂ ಬಿದ್ದ ಜಾಗದಲ್ಲಿ ಒಂದೊಂದು ಶಿಲುಬೆ. ಹಾದಿಯನ್ನು ಮಾತ್ರ ಬೇಕೆಂದೇ ಒರಟಾಗಿ, ಕಡಿದಾಗಿ ಬಿಟ್ಟಿದ್ದಾರೆ. ಹತ್ತುವವರಿಗೆ ಉಸಿರು ಸಿಕ್ಕಿಕೊಳ್ಳಬೇಕು. ಬೆನ್ನ ಮೇಲೆ ಹೊರೆ ಹೊತ್ತು, ಹಿಂದೆ ಉರಿ ಇಟ್ಟುಕೊಂಡು ಇದೇ ಏರನ್ನು ಓಡಿದವರ ಕಷ್ಟ ತೊಡೆಗೆ ಗೊತ್ತಾಗಬೇಕು.

ಹೊಸದಾಗಿ ಈ ಕೆಲಸಕ್ಕೆ ಸೇರುವವರನ್ನೂ ಅಲ್ಲಿಗೆ ಕರೆತರುತ್ತಾರೆ. ಇಲ್ಲಿ ನಿಂತಿದ್ದರು, ಇಲ್ಲಿಂದ ಬೆಂಕಿ ಕಾಣುತ್ತಿರಲಿಲ್ಲ, ಇಲ್ಲಿ ತಿರುಗಿ ಹೊರಟರು, ಇಷ್ಟು ದೂರ ಉಳಿದಿತ್ತು ಎಂದು ನಡೆಸಿ ತೋರಿಸುತ್ತಾರೆ. 2013ರ ಜೂನ್ 30ರಂದು 19 ಮಂದಿ ಸತ್ತ ಅರಿಜೋನಾದ ಯಾರ್ನೆಲ್‌ನಲ್ಲೂ ಈಗ ಇಂಥದೇ ಹಾದಿಯಿದೆ. ಸತ್ತವರ ನೆನಪು ಅಲ್ಲಿ ಬದುಕಿರುವವರಿಗೆ ಪಾಠವೂ ಹೌದು.

ಅಲ್ಲಿ ಬಗ್ಗಿ ಕೆಲಸ ಮಾಡುವ ಸ್ವಯಂಸೇವಕರ ಕೈಚಳಕವನ್ನು ಗಮನಿಸಿದರೆ ಒಂದು ವಿಷಯ ಹೊಳೆಯುತ್ತದೆ. ಬೆಂಕಿ ರೇಖೆ ತೆಗೆಯುವುದೂ ನೆನಪಿನ ಹಾದಿ ಕಾಯುವುದೂ ಹೆಚ್ಚು ಕಡಿಮೆ ಒಂದೇ ಕೆಲಸ. ಪೊದೆ ಕಡಿ, ಒಣ ಎಲೆ ಗುಡಿಸು, ಮಣ್ಣು ಕಾಣುವವರೆಗೆ ಕೆರೆ. ಸತ್ತವರು ಸಾಯುವ ಹೊತ್ತಿಗೆ ಏನು ಮಾಡುತ್ತಿದ್ದರೋ ಅದನ್ನೇ ಉಳಿದವರು ಅದೇ ಬೆಟ್ಟದಲ್ಲಿ ಮುಂದುವರಿಸುತ್ತಿದ್ದಾರೆ.

ಕರ್ನಾಟಕಕ್ಕೆ ಬಂದರೆ ಹೆಸರುಗಳಿಗೆ ಕೊರತೆಯಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕ ಮುರಿಗೆಪ್ಪ ಉರಿಗೆ ಸಿಕ್ಕಿ ತೀರಿಕೊಂಡರು. ಇನ್ನೂ ಮೂವತ್ತು ದಾಟಿರಲಿಲ್ಲ. ಮರುವರ್ಷ ಮಾರ್ಚ್ 3ರಂದು ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂಠನ್ ಕಾಡಿನ ಬೆಂಕಿಯ ಹಾನಿ ನೋಡಲು ಹೋದಾಗ ಆನೆ ದಾಳಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಹತ್ತಿದ ಬೆಂಕಿ ಅರಣ್ಯ ರಕ್ಷಕ ಸುಂದರೇಶ್ ಅವರ ಜೀವ ತೆಗೆಯಿತು. ಪಕ್ಕದ ಕೇರಳದ ತ್ರಿಶ್ಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ 2020ರ ಫೆಬ್ರವರಿಯಲ್ಲಿ ಒಂದೇ ದಿನ ಮೂವರು ವಾಚರುಗಳು ಸುಟ್ಟುಹೋದರು. ಫೆಬ್ರವರಿ, ಮಾರ್ಚ್. ಎಲ್ಲ ಸಾವುಗಳೂ ಆ ಎರಡು ತಿಂಗಳ ಒಳಗೇ.

ಇವರನ್ನು ನೆನೆಯಲು ಒಂದು ದಿನವಿದೆ. ಸೆಪ್ಟೆಂಬರ್ 11. ರಾಜಸ್ಥಾನದ ಖೇಜಡ್ಲಿಯಲ್ಲಿ 1730ರಲ್ಲಿ ಮರಗಳನ್ನು ತಬ್ಬಿ ನಿಂತು ಪ್ರಾಣ ಕೊಟ್ಟ ಅಮೃತಾದೇವಿ ಮತ್ತು ಉಳಿದ ಬಿಷ್ಣೋಯಿಗಳ ನೆನಪಿನಲ್ಲಿ ಕೇಂದ್ರ ಸರ್ಕಾರ 2013ರಲ್ಲಿ ಅದನ್ನು ಅರಣ್ಯ ಹುತಾತ್ಮರ ದಿನವೆಂದು ಘೋಷಿಸಿತು. ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿ ಸ್ಮಾರಕದ ಮುಂದೆ ಹೂವಿಡುತ್ತಾರೆ. 1991ರಲ್ಲಿ ವೀರಪ್ಪನ್ ಕೈಯಲ್ಲಿ ಹತರಾದ ಪಿ. ಶ್ರೀನಿವಾಸ್ ಅವರ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ಅವರು ಆಂಧ್ರದ ರಾಜಮಹೇಂದ್ರಿಯವರು, ಸಿಂಹಾಚಲದಿಂದ ಒಂದು ಹಗಲಿನ ದಾರಿ. ಅವರು ಕೆಲಸ ಮಾಡಿದ ಗೋಪಿನಾಥಂ ಊರಿನವರು ಇವತ್ತಿಗೂ ಅವರ ಫೋಟೋಗೆ ಕೈ ಮುಗಿಯುತ್ತಾರೆ.

ಸಿಂಹಾಚಲದ ನರಸಿಂಹ ವರ್ಷವಿಡೀ ಗಂಧದ ಲೇಪದೊಳಗೆ ಮುಚ್ಚಿರುತ್ತಾನೆ. ಅಕ್ಷಯ ತೃತೀಯೆಯ ಒಂದು ದಿನ ಮಾತ್ರ ಲೇಪ ತೆಗೆದು ನಿಜರೂಪ ತೋರಿಸುತ್ತಾರೆ. ಸೆಪ್ಟೆಂಬರ್ 11 ಹಾಗೆಯೇ. ಒಂದು ಬೆಳಿಗ್ಗೆ ಹೆಸರುಗಳು ಕಾಣುತ್ತವೆ, ಮಾರನೆಯ ದಿನ ಮತ್ತೆ ಲೇಪ. ಆ ಸೆಪ್ಟೆಂಬರಿನಲ್ಲಿ ಕಾಡು ಹಸಿರಾಗಿರುತ್ತದೆ, ಬೆಂಕಿ ಯಾರ ಮನಸ್ಸಿನಲ್ಲೂ ಇರುವುದಿಲ್ಲ.

ಹಾಗಾದರೆ ಬಂಡೀಪುರದಲ್ಲೂ ಒಂದು ಹಾದಿ ಮಾಡಿದರಾಯಿತು ಎನ್ನಿಸಬಹುದು. ಅದು ಅಷ್ಟು ಸಲೀಸಲ್ಲ. ಅವರು ಬಿದ್ದದ್ದು ಹುಲಿ ಸಂರಕ್ಷಿತ ಪ್ರದೇಶದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ಇಡಲೂ ಬಾರದು. ಮಣಿಕಂಠನ್ ಅವರ ಸಾವೇ ಹೇಳುವಂತೆ ಅಲ್ಲಿ ಬೆಂಕಿ ಮಾತ್ರ ಅಪಾಯವಲ್ಲ. ಇನ್ನೊಂದು ಮಾತೂ ಇದೆ. ನಮ್ಮ ಕಾಡುಗಳಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿ ಕಡಿಮೆ, ಬಹುಪಾಲು ಮನುಷ್ಯರ ಕೈಯಿಂದಲೇ. ಹಾದಿಯೆಂದರೆ ಜನ, ಜನವೆಂದರೆ ಬೆಂಕಿಯ ಸಾಧ್ಯತೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರಲ್ಲಿ 20ಕ್ಕೂ ಹೆಚ್ಚು ಮಂದಿ ಕಾಳ್ಗಿಚ್ಚಿನಲ್ಲಿ ಸತ್ತರು. ಸತ್ತವರನ್ನು ನೆನೆಯಲು ಮಾಡಿದ ಹಾದಿ ಮತ್ತೊಂದು ಸಾವಿಗೆ ದಾರಿಯಾಗಬಾರದು.

ನಮ್ಮಲ್ಲಿ ಬಿದ್ದ ಜಾಗವನ್ನು ಗುರುತಿಸುವ ಪದ್ಧತಿ ಇರಲಿಲ್ಲವೇ? ಧಾರಾಳವಾಗಿತ್ತು. ವೀರಗಲ್ಲು ಅಂದರೆ ಅದೇ. ದನ ಬಿಡಿಸಲು ಹೋಗಿ ಸತ್ತವನಿಗೆ, ಹುಲಿಯ ಜೊತೆ ಹೋರಾಡಿದವನಿಗೆ ಊರು ಕಲ್ಲು ನಿಲ್ಲಿಸಿತು. 949ರ ಆತಕೂರಿನ ಶಾಸನದಲ್ಲಿ ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪೂ ಇದೆ. ಅರಸನಲ್ಲದವನ ಹೆಸರು ಕಲ್ಲಿಗೆ ಬಂದದ್ದು ಹೆಚ್ಚಾಗಿ ಈ ದಾರಿಯಿಂದ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಸುಮಾರು 750ನೆಯ ಇಸವಿಯ ಕಿತ್ತಯ್ಯನ ಕಲ್ಲನ್ನು ಇತಿಹಾಸಾಸಕ್ತ ಸ್ವಯಂಸೇವಕರು, ಊರಿನವರು ಸೇರಿ ಉಳಿಸಿಕೊಂಡರು. ಚರಂಡಿ ಕೆಲಸದಲ್ಲಿ ಎದ್ದ ಕಲ್ಲು ಇನ್ನೊಂದು ಚರಂಡಿಗೆ ಹಾಸಾಗಿ ಹೋಗಬಹುದಿತ್ತು. ಇಂಥ ಕಲ್ಲುಗಳಿಗಾಗಿ ರಜೆಯ ದಿನ ಊರೂರು ಅಲೆದು, ಮಣ್ಣು ಒರೆಸಿ, ಅಕ್ಷರ ಓದುವವರು ಈಗಲೂ ಇದ್ದಾರೆ. ಹದಿಮೂರು ಶತಮಾನದ ಹಿಂದಿನವನಿಗೆ ಸಿಕ್ಕ ಈ ಪ್ರೀತಿ ಹತ್ತು ವರ್ಷದ ಹಿಂದಿನ ವಾಚರನಿಗೆ ಸಿಗಲಾರದೆಂದು ಹೇಳಲು ಕಾರಣವಿಲ್ಲ.

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಅದು ಕಾಣಿಸಿತ್ತು. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಬೆಂಗಳೂರು, ಮೈಸೂರುಗಳಿಂದ ನೂರಾರು ಜನ ಕಾರು, ಬೈಕು ಹತ್ತಿ ಬಂದರು. ಬಂದವರ ಮನಸ್ಸು ದೊಡ್ಡದು. ಆದರೆ ಹತ್ತಿದ ಬೆಂಕಿಯ ಮುಂದೆ ತರಬೇತಿಯಿಲ್ಲದವರು ಮಾಡಬಹುದಾದ್ದು ಸ್ವಲ್ಪ. ನೀರು, ಊಟ, ಹಣ್ಣು ಒಳಗೆ ತಲುಪಿಸುವುದು ಅದರಲ್ಲಿ ದೊಡ್ಡದು, ಸಿಂಹಾಚಲದ ಮಜ್ಜಿಗೆ ಮೇಜಿನ ಹಾಗೆ.

ನಿಜವಾದ ಕೆಲಸ ಬೆಂಕಿಗೆ ಮುಂಚಿನದು. ಮಳೆ ನಿಂತ ಮೇಲೆ ವಾಚರುಗಳು ರಸ್ತೆಯ ಎರಡೂ ಬದಿ, ಕಾಡಿನ ಗಡಿಯುದ್ದಕ್ಕೂ ಹುಲ್ಲು, ಲಂಟಾನ ಸವರಿ ಪಟ್ಟಿ ಮಾಡುತ್ತಾರೆ. ಸವರಿದ್ದು ಒಣಗಿದಾಗ, ಇಬ್ಬನಿ ಇನ್ನೂ ಇರುವ ದಿನಗಳಲ್ಲಿ, ತಾವೇ ಎಚ್ಚರದಿಂದ ಸುಡುತ್ತಾರೆ. ಎಲೆ ಉದುರಿದಂತೆಲ್ಲ ಮತ್ತೆ ಗುಡಿಸಬೇಕು. ಈ ಕೆಲಸದಲ್ಲಿ ಹೆಚ್ಚಿನವರು ಜೇನುಕುರುಬರು, ಕಾಡುಕುರುಬರು, ಸೋಲಿಗರು, ಕಾಡಂಚಿನ ಹಳ್ಳಿಗಳವರು. ಬಹಳಷ್ಟು ಜನರಿಗೆ ಇದು ಬೇಸಿಗೆ ಮುಗಿಯುವವರೆಗಿನ ಕೂಲಿ. ಮಳೆ ಬಂದರೆ ಕೆಲಸವೂ ಮುಗಿಯಿತು, ರೇಖೆಯೂ ಹುಲ್ಲಿನೊಳಗೆ ಮುಚ್ಚಿತು. ಸರಿಯಾಗಿ ಮಾಡಿದ ಬೆಂಕಿ ರೇಖೆಯ ಫಲ ಏನೂ ಆಗದಿರುವುದು. ಏನೂ ಆಗದ ವರ್ಷಕ್ಕೆ ಸುದ್ದಿಯಿಲ್ಲ, ಸ್ಮಾರಕವೂ ಇಲ್ಲ.

ಹಾಗಾಗಿ ನಮ್ಮ ನೆನಪಿನ ಹಾದಿ ಕಾಡಿನೊಳಗೆ ಇರಬೇಕಾಗಿಲ್ಲ. ಮುರಿಗೆಪ್ಪನವರ ಹೆಸರಿನ ಒಂದು ಕಲ್ಲು ಕಲ್ಕೆರೆಯ ಕಡೆಯ ಕಾಡಂಚಿನಲ್ಲಿ, ಜನ ನಿಲ್ಲಬಹುದಾದ ಕಡೆ, ವೀರಗಲ್ಲಿನ ಹಾಗೆ ನಿಂತರೆ ಸಾಕು. ಆ ಕಲ್ಲಿನ ಮುಂದಿನ ಒಂದಷ್ಟು ದೂರದ ರೇಖೆಯನ್ನು ಇಲಾಖೆಯ ಅನುಮತಿಯಿಂದ, ವಾಚರುಗಳ ಮಾತು ಕೇಳಿಕೊಂಡು, ಡಿಸೆಂಬರಿನಲ್ಲಿ ಸವರಲು ಸ್ವಯಂಸೇವಕರು ಹೋಗಬಹುದು. ಹೂವಿನ ಬದಲು ಕುಡುಗೋಲು. ಕಾಯಂ ನೌಕರನ ಹೆಸರಿನ ಪಕ್ಕ ದಿನಗೂಲಿಯವನ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಕೊರೆಯಬಹುದು. ಮರುವರ್ಷ ಹೋಗದಿದ್ದರೆ ಲಂಟಾನ ಅದನ್ನು ಮುಚ್ಚುತ್ತದೆ. ಆದ್ದರಿಂದ ಮರುವರ್ಷವೂ ಹೋಗಬೇಕು.

ಹುಣ್ಣಿಮೆಯ ಬೆಳಿಗ್ಗೆ ಸಿಂಹಾಚಲದ ಸುತ್ತ ರಸ್ತೆಯಲ್ಲಿ ಉಳಿದಿರುವುದು ಕಾಗದದ ಲೋಟ, ತೆಂಗಿನ ಚಿಪ್ಪು, ಬಾಳೆ ಸಿಪ್ಪೆ. ನಡೆದವರು ಮನೆ ಸೇರಿ ಕಾಲು ಚಾಚಿರುತ್ತಾರೆ. ಪೌರಕಾರ್ಮಿಕರು ಪೊರಕೆ ಹಿಡಿದು ಅಡವಿವರಂ ಕಡೆಯಿಂದ ಗುಡಿಸುತ್ತ ಬರುತ್ತಾರೆ. 32 ಕಿಲೋಮೀಟರನ್ನು ಕೊನೆಗೆ ನಡೆದು ಮುಗಿಸುವವರು ಅವರೇ.