ಹಿಮದ ಊರಿನಲ್ಲಿ ಒಂದು ಪುಟ್ಟ ಪೆಟ್ಟಿಗೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಕುಕ್ ಸಿಟಿ ಎಂಬ ಊರಿದೆ. ಹೆಸರಿಗೆ ಮಾತ್ರ ಸಿಟಿ. ವರ್ಷವಿಡೀ ನೆಲೆಸಿರುವವರು ನೂರು ಮಂದಿಯೂ ಇರಲಾರರು. ಚಿನ್ನದ ಗಣಿಗಳಿಂದ ಹುಟ್ಟಿದ ಈ ಊರು, ರೈಲು ಬಂದೀತೆಂಬ ಆಸೆಯಿಂದ ರೈಲ್ವೆ ಧಣಿಗಳ ಮನೆತನದ ಹೆಸರನ್ನು ಇಟ್ಟುಕೊಂಡಿತು. ರೈಲು ಬರಲೇ ಇಲ್ಲ, ಹೆಸರು ಉಳಿಯಿತು.

ಚಳಿಗಾಲದಲ್ಲಿ ಅಲ್ಲಿಗೆ ಕಾರು ಹೋಗುವ ದಾರಿ ಒಂದೇ. ಗಾರ್ಡಿನರ್ ಊರಿನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ವನವನ್ನು ಹೊಕ್ಕು, ಲಮಾರ್ ಕಣಿವೆಯಲ್ಲಿ ಬೈಸನ್‌ಗಳ ಹಿಂಡಿಗೆ ದಾರಿ ಬಿಟ್ಟುಕೊಡುತ್ತ ಸಾಗಬೇಕು. ಊರಿನಿಂದ ಪೂರ್ವಕ್ಕೆ ಹೆದ್ದಾರಿ ಹಿಮದಡಿಯಲ್ಲಿ ಹೂತುಹೋಗಿರುತ್ತದೆ. ಅಲ್ಲಿಂದಾಚೆಗೆ ಸ್ನೋಮೊಬೈಲಿನದೇ ರಾಜ್ಯ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಚಕ್ರಕ್ಕೆ ಬದಲಾಗಿ ಉರುಳುವ ರಬ್ಬರಿನ ಪಟ್ಟೆ. ಇಷ್ಟೇ ಅದರ ರೂಪ. ಪೆಟ್ರೋಲ್ ಬಂಕಿನ ಮುಂದೆ ಈ ಯಂತ್ರಗಳು ಸಾಲುಗಟ್ಟಿ ನಿಂತಿದ್ದುದನ್ನು ಕಂಡು ನನಗೆ ನಗು ಬಂದಿತು.

ನಗುವ ವಸ್ತುವಲ್ಲವೆಂದು ಆಮೇಲೆ ತಿಳಿಯಿತು. ಕೆನಡಾದ ಕ್ವಿಬೆಕ್‌ನಲ್ಲಿದ್ದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ, 1934ರ ಚಳಿಗಾಲದಲ್ಲಿ ಹಿಮ ದಾರಿ ಕಟ್ಟಿದ್ದರಿಂದ ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗದೆ ಕಳೆದುಕೊಂಡ ತಂದೆ. ಹಿಮದ ಬಂಡಿಗಳಿಗಾಗಿ ದುಡಿದ ಆತ 1959ರಲ್ಲಿ ‘ಸ್ಕೀ-ಡೂ’ ಎಂಬ ಹಗುರವಾದ ಯಂತ್ರವನ್ನು ಮಾರುಕಟ್ಟೆಗೆ ತಂದ.

ನನ್ನ ಆತಿಥೇಯರು ಅರುವತ್ತು ದಾಟಿದ ಮೆಕ್ಯಾನಿಕ್. ಊರೇ 7,600 ಅಡಿ ಎತ್ತರದಲ್ಲಿದೆ. ಅವರು ಏರುವ ಕಣಿವೆದಾರಿಗಳು 9,500 ಅಡಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ಕಡಮೆ. ಗಾಳಿ ತೆಳುವಾದರೆ ಎಂಜಿನ್ನಿನ ಕಸುವೂ ತೆಳು. ಆದುದರಿಂದ ಅವರು ಟರ್ಬೊ ಜೋಡಿಸಿದ್ದರು. ಹೊರಹೋಗುವ ಬಿಸಿ ಹೊಗೆಯಿಂದಲೇ ತಿರುಗುವ ಈ ಪಂಖ, ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಈಗ ಕಾರ್ಖಾನೆಯಿಂದಲೇ ಟರ್ಬೊ ಸಹಿತ ಬರುವ, ತಾವೇ ಲೆಕ್ಕ ಹಾಕಿಕೊಳ್ಳುವ ಯಂತ್ರಗಳಿವೆ. ಇವರದು ಹಳೆಯದು, ಟರ್ಬೊ ಆಮೇಲೆ ಕೂರಿಸಿದ್ದು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕಲ್ಲ? ಆ ಹೆಚ್ಚುವರಿಯನ್ನು ಅಳೆದು ಕೊಡುವುದು ಹ್ಯಾಂಡಲಿನ ಬಳಿ ಕಟ್ಟಿದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆ. ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಅದು ತಿದ್ದುತ್ತದೆ.

ನಮ್ಮ ಗೃಹಿಣಿಯರಿಗೆ ಇದು ಹೊಸದಲ್ಲ. ಸೀಮೆಎಣ್ಣೆಯ ದೀಪದ ಬತ್ತಿ ಹೆಚ್ಚು ಏರಿದರೆ ಮಸಿ, ಇಳಿದರೆ ಬೆಳಕಿಲ್ಲ. ಇಲ್ಲಿ ವ್ಯತ್ಯಾಸವೊಂದೇ: ಪೆಟ್ರೋಲು ಕಡಮೆಯಾದರೆ ಎಂಜಿನ್ ಮಂಕಾಗುವುದಿಲ್ಲ, ಮೊದಮೊದಲು ಇನ್ನೂ ಹುರುಪಾಗಿ ಓಡುತ್ತದೆ! ಆಮೇಲೆ ಒಳಗೆ ಅಕಾಲದ ಸ್ಫೋಟಗಳಾಗಿ ಪಿಸ್ಟನ್ ಕರಗುತ್ತದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಸಾಕು. ಆದರೆ ಟರ್ಬೊದ ಪೂರ್ಣ ಭಾರದಲ್ಲಿ ಅವರು ಮೀಟರಿನ ಮುಳ್ಳನ್ನು 12ರ ಆಸುಪಾಸಿನಲ್ಲಿ ಇಡುತ್ತಿದ್ದರು. ಮಿಕ್ಕ ಪೆಟ್ರೋಲು ಉರಿಯಲಿಕ್ಕಲ್ಲ, ಒಳಗನ್ನು ತಣಿಸಲಿಕ್ಕೆ.

ಬೆಳಿಗ್ಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಹಿಮಪಾತದಲ್ಲಿ ಹೂತವರನ್ನು ಹುಡುಕುವ ರೇಡಿಯೊ ಸಾಧನವನ್ನು ಎದೆಗೆ ಕಟ್ಟಿಕೊಂಡು, ಬೆನ್ನಿಗೆ ಸಲಿಕೆ ಏರಿಸಿ, ಡೇಸಿ ಪಾಸ್ ಕಡೆಗೆ ಹೊರಟೆವು. ಊರಿನಲ್ಲಿ ಗುಡುಗಿದ ಯಂತ್ರ ಮೇಲೆ ಹೋದಂತೆ ಮುಗ್ಗರಿಸತೊಡಗಿತು. ಬಿಸಿಲೇರಿ ಗಾಳಿ ಇನ್ನಷ್ಟು ಹಗುರವಾಗಿತ್ತು. ಕೆಳಗೆ ಸರಿಯಾಗಿದ್ದ ಪೆಟ್ರೋಲು ಮೇಲೆ ಅತಿಯಾಗಿತ್ತು. ಅವರು ನಿಂತು, ಕೈಗವಸು ಕಳಚಿ, ಗುಂಡಿ ಒತ್ತಿ ದೀಪದ ಒಂದೇ ಒಂದು ಗೆರೆಯನ್ನು ಇಳಿಸಿದರು. ಯಂತ್ರದ ದನಿ ತಿಳಿಯಾಯಿತು, ಆದರೆ ಪೂರ್ತಿಯಲ್ಲ.

“ಇನ್ನೊಂದು ಗೆರೆ ಇಳಿಸಬಾರದೆ?” ಎಂದೆ.

“ಇಳಿಸಬಹುದು, ಇಲ್ಲಿಯೇ ಮನೆ ಕಟ್ಟುವುದಾದರೆ,” ಎಂದರು. “ಸಂಜೆ ಕೆಳಗಿನ ತೋಪಿನಿಂದ ಒಂದು ಏರು ಹತ್ತಬೇಕು. ಅಲ್ಲಿ ಗಾಳಿ ದಟ್ಟ, ಚಳಿಗೆ ಇನ್ನೂ ದಟ್ಟ. ಇಲ್ಲಿ ಸೊಗಸಾಗಿ ಓಡುವುದು ಅಲ್ಲಿ ಸುಟ್ಟುಹೋದೀತು.”

ಹಿಂದೊಮ್ಮೆ ಅವರಿಗೆ ಹಾಗೆಯೇ ಆಗಿತ್ತಂತೆ. ಮಧ್ಯಾಹ್ನದ ಹುರುಪಿಗೆ ಮರುಳಾಗಿ ಎರಡು ಗೆರೆ ಇಳಿಸಿ, ಸಂಜೆ ಪಿಸ್ಟನ್ ಕರಗಿ, ಸೊಂಟದವರೆಗೆ ಹೂಳುವ ಹಿಮದಲ್ಲಿ ನಡುರಾತ್ರಿಯವರೆಗೆ ನಡೆದು ಊರು ಸೇರಿದರಂತೆ. ಎಡಗಾಲಿನ ಎರಡು ಬೆರಳು ಆ ರಾತ್ರಿಗೆ ತೆತ್ತ ಸುಂಕ. ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಆ ಏರನ್ನು ನಾವು ಕತ್ತಲೆಯಾಗುವ ಮುನ್ನ ಹತ್ತಿದೆವು. ಮೀಟರಿನ ಮುಳ್ಳಿನಿಂದ ನಾನು ಕಣ್ಣು ಕೀಳಲಿಲ್ಲ. ಹಿಮಗಿರಿಯ ಸಂಧ್ಯಾರಾಗವೆಲ್ಲ ನನ್ನ ಪಾಲಿಗೆ ವ್ಯರ್ಥವಾಯಿತು. ಷೆಡ್ಡಿನಲ್ಲಿ ಅವರು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ದೀಪಕ್ಕೆ ಹಿಡಿದರು. ತುದಿ ಕಾಫಿಪುಡಿಯ ಕಂದು ಬಣ್ಣಕ್ಕಿತ್ತು. ಬೆಳ್ಳಗಾಗಿದ್ದರೆ ಅಪಾಯವಂತೆ. ಪ್ಲಗ್ಗನ್ನು ಒರೆಸಿ ಮತ್ತೆ ತಿರುಗಿಸಿಟ್ಟರು. ದೀಪ ಆರಿಸುವ ಮೊದಲು ಬಾಗಿ ಪೆಟ್ಟಿಗೆಯ ಗುಂಡಿಯನ್ನು ಒತ್ತಿ, ಇಳಿಸಿದ್ದ ಗೆರೆಯನ್ನು ಮೇಲಕ್ಕೇರಿಸಿದರು.

“ನಾಳೆ ಚಳಿ ಇನ್ನೂ ಹೆಚ್ಚಂತೆ,” ಎಂದರು.