ಬೊಂಬಾಯಲ್ಲೊಂದು ಸ್ವಂತ ರೂಮು

ನಮ್ಮ ಕುಂದಾಪುರ, ಉಡುಪಿ ಕಡೆಯಲ್ಲಿ ಹೆಣ್ಣು ಕೊಡುವವರು ಒಂದು ಕಾಲಕ್ಕೆ ಬೊಂಬಾಯಿ ಹುಡುಗನ ಬಗ್ಗೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಕುಡಿತ ಉಂಟಾ? ರೂಮು ಸ್ವಂತದ್ದಾ? ಮೊದಲನೆಯದಕ್ಕೆ ಉತ್ತರ ಸ್ವಲ್ಪ ಆಚೀಚೆಯಾದರೂ ನಡೆಯುತ್ತಿತ್ತು, ಎರಡನೆಯದಕ್ಕೆ ಆಗಬಾರದು. ಓದು, ಬಣ್ಣ, ಜಾತಕ ಎಲ್ಲ ಆಮೇಲೆ. "ಸ್ವಂತ ರೂಮು ಉಂಟಂತೆ ಮಾರಾಯ್ರೆ, ಅಂಧೇರಿಯಲ್ಲಿ" ಎಂದು ಮದುವೆ ದಲ್ಲಾಳಿ ದನಿ ತಗ್ಗಿಸಿ ಹೇಳಿದರೆ ಚಾವಡಿಯಲ್ಲಿದ್ದವರೆಲ್ಲ ಒಮ್ಮೆ ನೆಟ್ಟಗೆ ಕೂರುತ್ತಿದ್ದರು. ಗದ್ದೆ, ತೆಂಗಿನ ತೋಟ, ಹೆಂಚಿನ ಮನೆ ಇದ್ದವರೂ ಹತ್ತಡಿ ಉದ್ದ ಹತ್ತಡಿ ಅಗಲದ, ಪಾಯಖಾನೆ ಹೊರಗಿರುವ ಒಂದು ಕೋಣೆಯನ್ನು ಅಷ್ಟು ದೊಡ್ಡ ಆಸ್ತಿಯೆಂದು ಎಣಿಸುತ್ತಿದ್ದರು. ಮದುವೆಯಾಗಿ ಹೋದ ಹುಡುಗಿ ಮೊದಲ ಸಲ ತವರಿಗೆ ಬಂದಾಗ ರೂಮಿನ ಅಳತೆಯನ್ನು ಅಮ್ಮನಿಗೆ ಮಾತ್ರ ಹೇಳುತ್ತಿದ್ದಳು. ನಮ್ಮ ಹಟ್ಟಿಯೇ ಅದಕ್ಕಿಂತ ದೊಡ್ಡದು ಎಂಬ ಮಾತು ಅಡುಗೆಮನೆ ದಾಟಿ ಹೊರಗೆ ಬರುತ್ತಿರಲಿಲ್ಲ.

ಆದರೂ ಹೆಣ್ಣಿನ ಕಡೆಯವರ ಎಣಿಕೆ ಸರಿಯಾಗಿಯೇ ಇತ್ತು. ಬೊಂಬಾಯಲ್ಲಿ ಕೆಲಸ ಯಾರಿಗೂ ಸಿಗುತ್ತದೆ, ಮಲಗಲು ಜಾಗ ಸಿಗುವುದಿಲ್ಲ ಎಂಬುದನ್ನು ಅಲ್ಲಿಗೆ ಒಮ್ಮೆಯೂ ಹೋಗದ ನಮ್ಮ ಅಜ್ಜಿಯರೂ ಬಲ್ಲವರಾಗಿದ್ದರು. ಏಕೆಂದರೆ ಮಗ ಬರೆದ ಕಾಗದದಲ್ಲಿ ಹೋಟೆಲಿನ ವಿಳಾಸ ಇರುತ್ತಿತ್ತೇ ಹೊರತು ಮನೆಯದ್ದಲ್ಲ.

ರೂಮಿಲ್ಲದ ನಮ್ಮವರು ಹೋಟೆಲಿನಲ್ಲೇ ಮಲಗುತ್ತಿದ್ದರು. ನನ್ನ ದೊಡ್ಡಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಮೋರಿಯಿಂದ ಶುರುಮಾಡಿ ಗಲ್ಲಾದವರೆಗೆ ಬಂದವರು. ಅವರು ಹೇಳುತ್ತಿದ್ದ ಪ್ರಕಾರ ಹೋಟೆಲಿನ ದರ್ಜೆಯೆಲ್ಲ ಗೊತ್ತಾಗುತ್ತಿದ್ದದ್ದು ರಾತ್ರಿಯೇ. ಕೊನೆಯ ಗಿರಾಕಿ ಎದ್ದ ಮೇಲೆ ಕುರ್ಚಿ ಮಗುಚಿ ಮೇಜಿನ ಮೇಲಿಟ್ಟು ನೆಲ ತೊಳೆಯಬೇಕು. ನೆಲ ಒಣಗುವ ತನಕ ಹಾಸುವಂತಿಲ್ಲ, ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ. ಹಾಗಾಗಿ ಹಳಬರಾದ ಸಪ್ಲಯರುಗಳಿಗೆ ಎರಡು ಮೇಜು ಜೋಡಿಸಿದ ಹಾಸಿಗೆ, ಹೊಸ ಹುಡುಗರಿಗೆ ಗೋಣಿ. ಕಲ್ಲುಹಾಸಿನ ಮೇಜು ಮೇ ತಿಂಗಳಲ್ಲಿ ಸ್ವರ್ಗ, ಜನವರಿಯಲ್ಲಿ ಬೆನ್ನು ಸೆಡೆಯುತ್ತಿತ್ತು. ಟ್ರಂಕುಗಳೆಲ್ಲ ಅಟ್ಟದಲ್ಲಿ ಒಂದರ ಮೇಲೊಂದು. ತಳದ ಟ್ರಂಕಿನವನಿಗೆ ಅಂಗಿ ಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು, ಆದ್ದರಿಂದ ಅವನು ಅಂಗಿ ಬದಲಿಸುವುದನ್ನೇ ಕಡಿಮೆ ಮಾಡುತ್ತಿದ್ದ. ನಸುಕಿಗೆ ಭಟ್ರು ಒಲೆ ಹಚ್ಚಿದರೆ ಎಲ್ಲರಿಗೂ ಬೆಳಗಾಯಿತು. ಸಂಜೆ ಧಣಿಗಳನ್ನು ಕಾಡಿಬೇಡಿ ಬಿಡುವು ಪಡೆದು ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿ ಬ್ಯಾಂಕು ಸೇರಿದವರು ಎಷ್ಟೋ ಮಂದಿ. ಅವರ ಓದಿಗೆ ಶಾಲೆಯಷ್ಟೇ ಆ ಬಾಡಿಗೆಯಿಲ್ಲದ ಮೇಜೂ ಕಾರಣ ಎಂಬುದು ಸನ್ಮಾನ ಪತ್ರಗಳಲ್ಲಿ ಬರುವುದಿಲ್ಲ.

ಉಡುಪಿ ಹೋಟೆಲೆಂದರೆ ಇಡ್ಲಿ ದೋಸೆಯ ಜಾಗ ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಮುಂಬಯಿಯ ಬಡ ಕೆಲಸಗಾರನಿಗೆ ಊಟ, ವಸತಿ ಎರಡನ್ನೂ ಸಂಬಳದ ಜೊತೆಗೇ ಕೊಟ್ಟ ಏರ್ಪಾಡು. ಅದರ ಕುಂದೂ ಅಲ್ಲೇ ಇತ್ತು. ಮಧ್ಯಾಹ್ನ ಧಣಿಗಳೊಂದಿಗೆ ಮಾತಿಗೆ ಮಾತು ಬೆಳೆಸಿದವನಿಗೆ ರಾತ್ರಿ ಮೇಜಿಲ್ಲ. ಕೆಲಸ ಹೋದ ದಿನವೇ ಹಾಸಿಗೆಯೂ ಹೋಗುವಾಗ ಸಂಬಳ ಹೆಚ್ಚು ಮಾಡಿ ಎಂದು ಕೇಳುವ ಧೈರ್ಯ ಯಾರಿಗೆ ಬರಬೇಕು?

ಹಾಗೆ ಕೇಳುವುದನ್ನು ಹೋಟೆಲ್ ಕಾರ್ಮಿಕರಿಗೂ ಟ್ಯಾಕ್ಸಿಯವರಿಗೂ ಕಲಿಸಿದವರಲ್ಲಿ ಒಬ್ಬರು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. 1949ರಲ್ಲಿ ಅವರು ಬೊಂಬಾಯಿಗೆ ಬಂದಿಳಿದಾಗ ಮೇಜೂ ಇರಲಿಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗಿದರೆ ನಡುರಾತ್ರಿ ಪೊಲೀಸಿನವನು ಬಂದು ಎಬ್ಬಿಸಿ ಕಳಿಸುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. 1967ರಲ್ಲಿ ಅದೇ ದಕ್ಷಿಣ ಬೊಂಬಾಯಿಯಿಂದ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರಂಥ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ನಮ್ಮ ಕರಾವಳಿಯವರು ಈ ಕತೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಬೆಂಚಿನಿಂದ ಸಂಸತ್ತಿಗೆ ಹೋದವರು ಒಬ್ಬರು. ಆ ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋದವರ ಲೆಕ್ಕ ಯಾರು ಇಟ್ಟಿದ್ದಾರೆ?

ಇಷ್ಟು ದೊಡ್ಡ ಊರಿನಲ್ಲಿ ಕೂಲಿಯವನಿಗೆ ಮನೆ ಕಟ್ಟಿಸಬೇಕು ಎಂದು ಆಳುವವರಿಗೆ ಹೊಳೆದದ್ದಾದರೂ ಯಾವಾಗ? ಪ್ಲೇಗು ಬಂದಾಗ. 1896ರಲ್ಲಿ ಪ್ಲೇಗು ಕಾಲಿಟ್ಟು ಜನ ಊರು ಬಿಟ್ಟು ಓಡತೊಡಗಿದಾಗ ಗಿರಣಿಗಳು ನಿಂತುಹೋಗುವ ಭಯ ಹುಟ್ಟಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಗಲ್ಲಿಗಳನ್ನು ಒಡೆದು ರಸ್ತೆ ಮಾಡಿತು, ಒಂದಷ್ಟು ಚಾಳ್‌ಗಳನ್ನೂ, ಅಂದರೆ ಸಾಲುಸಾಲು ಒಂಟಿ ಕೋಣೆಗಳ ವಠಾರಗಳನ್ನೂ ಕಟ್ಟಿತು. ಪರಳದಲ್ಲಿ ಟ್ರಸ್ಟಿನ ಅಂಥದ್ದೊಂದು ಚಾಳಿನಲ್ಲೇ ಅಂಬೇಡ್ಕರ್ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಂಸಾರ ಮಾಡಿದರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಮೇಲೂ ಅಲ್ಲೇ ಇದ್ದರು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಅಂದರೆ ಬಿ.ಡಿ.ಡಿ., ವರಳಿ, ನಾಯಗಾಂವ್, ಶಿವಡಿ, ಡಿಲೈಲ್ ರಸ್ತೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಚಾಳ್‌ಗಳನ್ನು ಎಬ್ಬಿಸಿತು. ಒಂದೊಂದು ರೂಮು 160 ಚದರಡಿ. ಗಿರಣಿಯವರು ಪಾಳಿಯ ಪ್ರಕಾರ ಮಲಗುತ್ತಿದ್ದರು. ಒಬ್ಬ ಎದ್ದು ಕೆಲಸಕ್ಕೆ ಹೋದ ಬಿಸಿ ಚಾಪೆಯ ಮೇಲೆ ಪಾಳಿ ಮುಗಿಸಿ ಬಂದವನು ಉರುಳುತ್ತಿದ್ದ. ಗೋವೆಯವರದ್ದು ಇನ್ನೊಂದು ಉಪಾಯ: ಊರಿಗೊಂದು 'ಕೂಡ್'. ಧೋಬಿ ತಲಾವ್, ಮಜಗಾಂವ್ ಕಡೆ ಗೋವೆಯ ಹಳ್ಳಿಹಳ್ಳಿಯವರೂ ತಮ್ಮದೇ ಒಂದೊಂದು ಹಜಾರ ಮಾಡಿಕೊಂಡರು. ಹಡಗಿನ ಕೆಲಸಕ್ಕೆ ಬಂದವನಿಗೆ ಗೋಡೆಯ ಬದಿ ಪೆಟ್ಟಿಗೆ ಇಡಲು ಜಾಗ, ಸಂಜೆಗೆ ಒಟ್ಟಿಗೆ ಜಪ, ತಿಂಗಳಿಗೆ ಪುಡಿಕಾಸು. ನಮ್ಮ ಮೊಗವೀರರು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಕಟ್ಟಿ ಊರಿಂದ ಬಂದವರ ಕೈ ಹಿಡಿದವರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಚಾಳಿನ ಬದುಕನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗಣೇಶೋತ್ಸವ, ಬಾಗಿಲು ಹಾಕದ ಮನೆಗಳು, ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ, ಎಲ್ಲ ನಿಜ. ಬೆಳಿಗ್ಗೆ ಐದಕ್ಕೆ ಚೊಂಬು ಹಿಡಿದು ಸಾಲಿನಲ್ಲಿ ನಿಂತ ಬಸುರಿ ಹೆಂಗಸಿನ ಮುಖವೂ ಅಷ್ಟೇ ನಿಜ. ಚಾಳ್ ಒಳ್ಳೆಯ ಮನೆಯಾಗಿತ್ತೆಂದು ನಾನು ಹೇಳುತ್ತಿಲ್ಲ. ಬಾಡಿಗೆಯ ಮನೆಯಾಗಿತ್ತು, ಬಾಡಿಗೆ ಕೂಲಿಗೆ ಎಟುಕುತ್ತಿತ್ತು, ಕೆಲಸಕ್ಕೆ ನಡೆದೇ ಹೋಗಬಹುದಾಗಿತ್ತು. ಈ ಮೂರೂ ಈಗ ಒಟ್ಟಿಗೆ ಸಿಗುವ ಜಾಗ ಆ ಊರಲ್ಲಿ ಎಲ್ಲಿದೆ, ತೋರಿಸಿ.

ಹೇಗೆ ಹೋಯಿತು ಎಂದರೆ, ಒಳ್ಳೆಯದು ಮಾಡಲು ಹೊರಟೇ ಹೋಯಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧ ಮುಗಿದ ಕಾಲ, ದೇಶ ಒಡೆದು ಜನ ಬಂದು ತುಂಬುತ್ತಿದ್ದ ಕಾಲ, ಆಗ ಅದು ಬೇಕೇ ಇತ್ತು. ಆದರೆ ಕಟ್ಟಿದ ಗಂಟನ್ನು ಯಾರೂ ಬಿಚ್ಚಲಿಲ್ಲ. ಮಾಲೀಕ ರಿಪೇರಿ ನಿಲ್ಲಿಸಿದ, ಬಾಡಿಗೆಗೆಂದು ಹೊಸದಾಗಿ ಕಟ್ಟುವುದನ್ನೂ ನಿಲ್ಲಿಸಿದ. ರೂಮು ಕೈ ಬದಲಾಗುವಾಗ ಮಾತ್ರ ಪಗಡಿ ಎಂಬ ದೊಡ್ಡ ಗಂಟು ಕೈಯಿಂದ ಕೈಗೆ ಹೋಗತೊಡಗಿತು. 1999ರಲ್ಲಿ ಹೊಸ ಕಾಯಿದೆ ಬಂದು ಆ ಪಗಡಿಯನ್ನೇ ಸಕ್ರಮ ಮಾಡಿತು. ನಮ್ಮ ದೊಡ್ಡಪ್ಪ ಕೊನೆಗೆ ಹಿಡಿದ ರೂಮು ಇಂಥದ್ದೇ. ಸಾಯುವವರೆಗೂ ಅವರು ಕೊಟ್ಟ ತಿಂಗಳ ಬಾಡಿಗೆ ನಾಲ್ಕು ಕಪ್ ಕಾಫಿಯ ಬೆಲೆ ಮುಟ್ಟಲಿಲ್ಲ. ದೊಡ್ಡಪ್ಪನ ಕಾಲದವರನ್ನು ಸಾಕಿದ ಆ ಕಾಯಿದೆಯೇ ಅವರ ಅಣ್ಣತಮ್ಮಂದಿರ ಮಕ್ಕಳಿಗೆ ಬಾಗಿಲು ಹಾಕಿತು.

ಬಾಡಿಗೆ ಮನೆ ಹೀಗೆ ಹೋದರೆ, ನಡೆದು ಹೋಗುವ ಕೆಲಸ ಇನ್ನೊಂದು ಬಗೆಯಲ್ಲಿ ಹೋಯಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರಿನ ನಟ್ಟನಡುವೆ ನೂರಾರು ಎಕರೆ ಖಾಲಿ. 1991ರ ನಿಯಮ ಅದನ್ನು ಮೂರು ಪಾಲು ಮಾಡಿ ಒಂದನ್ನು ಬಡವರ ಮನೆಗೆ, ಒಂದನ್ನು ಊರಿನ ಬಯಲಿಗೆ ಎಂದಿತ್ತು. 2001ರಲ್ಲಿ ತಿದ್ದುಪಡಿ ಬಂತು: ಪಾಲು ಮಾಡಬೇಕಾದದ್ದು ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ. ಗಿರಣಿಯ ಆವರಣದಲ್ಲಿ ಕಟ್ಟಡವಲ್ಲದೆ ಮತ್ತೇನಿರುತ್ತದೆ? 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಈಗ ಅಲ್ಲಿ ಮಾಲುಗಳು ಮತ್ತು ಗೋಪುರಗಳು.

ಇವತ್ತಿನ ಲೆಕ್ಕಕ್ಕೆ ಬರೋಣ. ಕೈಗೆ 18,000 ರೂಪಾಯಿ ಬರುವ ಒಬ್ಬ ಸೆಕ್ಯೂರಿಟಿ ಗಾರ್ಡ್ ಎಂದಿಟ್ಟುಕೊಳ್ಳಿ. ಕುರ್ಲಾದಲ್ಲೋ ಧಾರಾವಿಯಲ್ಲೋ ಒಂದು ಖೋಲಿಗೆ ಎಂಟು ಹತ್ತು ಸಾವಿರ. ಐವತ್ತು ಸಾವಿರ ಡಿಪಾಜಿಟ್ಟು, ದಲಾಲನಿಗೆ ಒಂದು ತಿಂಗಳ ಬಾಡಿಗೆ, ಹನ್ನೊಂದು ತಿಂಗಳ ಕರಾರು. ಹನ್ನೆರಡನೆಯ ತಿಂಗಳು ಬಾಡಿಗೆ ಏರಿಕೆ, ಒಪ್ಪದಿದ್ದರೆ ಪಾತ್ರೆಪಗಡೆ ಕಟ್ಟಿ ಹೊಸ ದಲಾಲ. ಡಿಪಾಜಿಟ್ಟಿಗೆ ತಂದ ಸಾಲದ ಬಡ್ಡಿಯನ್ನು ಯಾರೂ ಬಾಡಿಗೆಯೊಳಗೆ ಎಣಿಸುವುದಿಲ್ಲ. ಅದನ್ನೂ ಸೇರಿಸಿದರೆ ಊರಿಗೆ ಕಳಿಸಲು ಉಳಿಯುವುದೇನು?

ದುಡ್ಡು ಸರಿಹೋದರೂ ಮುಗಿಯಲಿಲ್ಲ. ಕೊನೆಗೆ ದೂರದ ಡೊಂಬಿವಲಿಗೆ ಹೋಗುವ ಮೊದಲು ನಾನೂ ಮುಂಬಯಿಯಲ್ಲಿ ಮನೆ ಹುಡುಕುತ್ತಿದ್ದಾಗ ದಲಾಲನೂ ನಮ್ಮ ಕಡೆಯವನೇ ಸಿಕ್ಕಿದ್ದ, ಬೈಂದೂರಿನವನು. ಗೇಟಿನ ಹೊರಗೆ ನಿಲ್ಲಿಸಿ ಮೆಲ್ಲಗೆ ಕೇಳಿದ: "ಬೇಜಾರು ಮಾಡ್ಕಣ್ಬೇಡಿ ಮಾರಾಯ್ರೆ, ನೀವು ಮೀನು ತಿಂತ್ರಾ?"

"ಬೈಂದೂರಿನವರು ಕುಂದಾಪುರದವರ ಹತ್ರ ಕೇಳುವ ಪ್ರಶ್ನೆಯಾ ಇದು?"

"ಹಾಗಾರೆ ಈ ಸೊಸೈಟಿ ಬ್ಯಾಡ. ಇಲ್ಲಿ ಬಂಗುಡೆ ಹುರಿದ್ರೆ ಮೂರನೇ ಮಾಳಿಗೆಯವ್ರು ಕಂಪ್ಲೇಂಟ್ ಕೊಡ್ತ್ರು."

ಮೂರು ಕಡೆ ಸಮುದ್ರವಿರುವ ಊರು, ಕೋಳಿ ಜನಾಂಗದ ಮೀನುಗಾರರು ಮೊದಲಿಂದಲೂ ಇದ್ದ ದ್ವೀಪಗಳು. ಅಲ್ಲಿ ಬಂಗುಡೆಯ ವಾಸನೆ ಬರಬಾರದಂತೆ. ನನಗೆ ಮೀನೊಂದೇ ಅಡ್ಡಿಯಾಯಿತು. ಕೆಲವರಿಗೆ ಹೆಸರು ಹೇಳಿದ ಕೂಡಲೇ ಮನೆ "ನಿನ್ನೆಯೇ ಹೋಯಿತು" ಆಗುತ್ತದೆ.

ಆಮೇಲೆ ಉಳಿಯುವುದು ರೈಲು. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರು. ಬಾಡಿಗೆಯಲ್ಲಿ ಉಳಿಸಿದ್ದನ್ನು ಹೊತ್ತಿನಲ್ಲಿ ಕಟ್ಟಬೇಕು. ಹೋಗಿ ಬರಲು ಮೂರೂವರೆ ನಾಲ್ಕು ಗಂಟೆ, ಅದೂ ಕಾಲಿಡಲು ಜಾಗ ಸಿಕ್ಕಿದರೆ. ಮಹಿಳೆಯರ ಡಬ್ಬಿಯಲ್ಲಿ ಹೆಂಗಸರು ಸೊಪ್ಪು ಬಿಡಿಸುವ ಫೋಟೋ ಹಾಕಿ 'ಮುಂಬಯಿ ಸ್ಪಿರಿಟ್' ಎನ್ನುತ್ತಾರೆ. ಮನೆ ಮುಟ್ಟುವಾಗ ರಾತ್ರಿ ಒಂಬತ್ತಾದರೆ ಸೊಪ್ಪು ಇನ್ನೆಲ್ಲಿ ಬಿಡಿಸಬೇಕು ತಾಯಿ?

ಈ ದೂರದ ಲೆಕ್ಕ ಒಮ್ಮೆ ಕೋರ್ಟಿಗೂ ಹೋಗಿತ್ತು. 1981ರ ಮಳೆಗಾಲದಲ್ಲಿ ಸರ್ಕಾರ ಫುಟ್‌ಪಾತಿನವರನ್ನು ಎಬ್ಬಿಸಿ ಊರಿಗೆ ಅಟ್ಟಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. 1985ರ ತೀರ್ಪಿನಲ್ಲಿ ಕೋರ್ಟು, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ, ಇವರು ಫುಟ್‌ಪಾತಿನಲ್ಲಿ ಇರುವುದು ಕೆಲಸ ಹತ್ತಿರವಿದೆಯೆಂದೇ ಎಂದು ಒಪ್ಪಿತು. ಒಪ್ಪಿಯೂ, ಮೊದಲೇ ತಿಳಿಸಿ ಎಬ್ಬಿಸಬಹುದು ಎಂದಿತು. ಓದುವವರಿಗೆ ಇಂದಿಗೂ ದೊಡ್ಡ ತೀರ್ಪು, ಮಲಗಿದ್ದವರಿಗೆ ಬರೀ ವಾಯಿದೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಮಾಡಿದ್ದೆಲ್ಲ 'ಸ್ವಂತ'ದ ಮಂತ್ರದಲ್ಲಿ. 1995ರಲ್ಲಿ ಸ್ಲಂ ಪುನರ್ವಸತಿ ಪ್ರಾಧಿಕಾರ ಬಂತು. ಇಂತಿಂಥ ತಾರೀಕಿನ ಮೊದಲು ಝೋಪಡಿ ಇದ್ದವನಿಗೆ ಪುಕ್ಕಟೆ ಫ್ಲಾಟು. ಆ ತಾರೀಕು 1995, ಆಮೇಲೆ 2000, ಹೀಗೆ ಸರಿಯುತ್ತಾ ಹೋಯಿತು. ಝೋಪಡಿಯಲ್ಲಿ ಬಾಡಿಗೆಗಿದ್ದವನಿಗೆ ಸಾಮಾನ್ಯವಾಗಿ ಸಿಗುವುದು ಇನ್ನೊಂದು ಝೋಪಡಿಯ ಬಾಡಿಗೆ. ಇನ್ನು ಸರ್ಕಾರದ ವಸತಿ ಪ್ರಾಧಿಕಾರ ಮ್ಹಾಡಾದ ಲಾಟರಿ: 2024ರಲ್ಲಿ 2,030 ಮನೆಗಳಿಗೆ ಲಕ್ಷಕ್ಕೂ ಹೆಚ್ಚು ಅರ್ಜಿ. 2023ರ ಲಾಟರಿಯಲ್ಲಂತೂ ಗೋರೆಗಾಂವ್‌ನ ಬಡವರ ಫ್ಲಾಟುಗಳ ಜೊತೆಗೆ ತಾಡದೇವದ ಏಳು ಕೋಟಿ ಮೀರಿದ ಫ್ಲಾಟೂ ಇತ್ತು. ಬಡವರದ್ದಕ್ಕೂ ಬೆಲೆ ಮೂವತ್ತು ಲಕ್ಷದ ಸುಮಾರು. 18,000 ಸಂಬಳದವನಿಗೆ ಲಾಟರಿ ಹೊಡೆದರೂ ಸಾಲ ಕೊಡುವ ಬ್ಯಾಂಕು ಬೇಕಲ್ಲ! ಇತ್ತ 2011ರ ಜನಗಣತಿಯ ಪ್ರಕಾರ ಊರಿನ ನೂರರಲ್ಲಿ ನಲವತ್ತು ಮಂದಿ ಸ್ಲಮ್ಮಿನಲ್ಲಿದ್ದರು, ಅದೇ ಊರಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಬೀಗ ಬಿದ್ದಿತ್ತು.

ಬಾಡಿಗೆ ಮನೆ ಕಟ್ಟುವ ಬುದ್ಧಿ ಒಮ್ಮೆ ಬಂದಿತ್ತು. 2008ರಲ್ಲಿ ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂ.ಎಂ.ಆರ್.ಡಿ.ಎ., ಬಾಡಿಗೆ ವಸತಿ ಯೋಜನೆ ಮಾಡಿತು. ರೂಮು ಅದೇ 160 ಚದರಡಿ, ಬಿ.ಡಿ.ಡಿ.ಯ ಅಳತೆಯೇ. ಕೆಲವೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟು ಮಾರುವ ಮನೆಗಳ ಕಡೆ ಹೊರಳಿದರು. 2020ರ ಲಾಕ್‌ಡೌನಿನಲ್ಲಿ ಜನ ಹೆದ್ದಾರಿಯಲ್ಲಿ ನಡೆದು ಊರಿಗೆ ಹೊರಟಾಗ ದಿಲ್ಲಿಗೂ ಬಾಡಿಗೆ ಮನೆಯ ನೆನಪಾಯಿತು, ಯೋಜನೆಯೂ ಬಂತು. ಪ್ಲೇಗಿನಿಂದ ಕೊರೊನಾದವರೆಗೆ, ಕೆಲಸಗಾರ ಓಡಿಹೋದಾಗ ಮಾತ್ರ ಅವನು ಮಲಗುತ್ತಿದ್ದ ಜಾಗ ನಮ್ಮ ಕಣ್ಣಿಗೆ ಬೀಳುತ್ತದೆ.

ಈಗ ವರಳಿಯ ಬಿ.ಡಿ.ಡಿ. ಚಾಳ್‌ಗಳು ಇಳಿಯುತ್ತಿವೆ. ಹಳೆಯ ಬಾಡಿಗೆದಾರರಿಗೆ 500 ಚದರಡಿಯ ಸ್ವಂತ ಫ್ಲಾಟು, 2025ರಲ್ಲಿ ಮೊದಲ ಕಂತಿನವರಿಗೆ ಕೀಲಿಯೂ ಸಿಕ್ಕಿತು. ಮೂರು ತಲೆಮಾರು ಸಾಲಿನಲ್ಲಿ ನಿಂತವರು, ಅವರಿಗೆ ಸಿಗಬೇಕಾದದ್ದೇ. ಉಳಿದ ನೆಲದಲ್ಲಿ ಮಾರಾಟದ ಗೋಪುರಗಳು ಏಳುತ್ತವೆ. ಆ ಗೋಪುರಗಳಿಗೂ ವಾಚ್‌ಮನ್ ಬೇಕು, ಲಿಫ್ಟು ಒರೆಸುವವರು ಬೇಕು, ಮಕ್ಕಳನ್ನು ನೋಡಿಕೊಳ್ಳುವ ಆಯಾ ಬೇಕು. ಅವರಿಗೆಂದು ಅಲ್ಲೇ ಒಂದೆರಡು ಕಟ್ಟಡಗಳನ್ನು, ಯಾರಿಗೂ ಮಾರದೆ, ಕೂಲಿಗೆ ಎಟುಕುವ ಬಾಡಿಗೆಗೆ ಇಡಿ. ಪರದೇಶದ ಸರ್ಕಾರ 100 ವರ್ಷದ ಹಿಂದೆ ಅದೇ ನೆಲದಲ್ಲಿ ಮಾಡಿ ತೋರಿಸಿದ್ದನ್ನು ಮಾಡಿ ಎನ್ನುತ್ತಿದ್ದೇನೆ, ಅಷ್ಟೇ. ಪಾಯಖಾನೆಯೊಂದನ್ನು ಮಾತ್ರ ಈ ಸಲ ಒಳಗೆ ಕಟ್ಟಿ.