ಚಿರೆಕಲ್ಲಿನ ಕೋಟೆಗಳ ಜಾಡಿನಲ್ಲಿ

ಕುಮಟಾದಿಂದ ಅಂಕೋಲೆಯತ್ತ ಹೋಗುವ ಬಸ್ಸು ಸುಮಾರು 11 ಕಿಲೋಮೀಟರ್ ಸಾಗಿ ಮಿರ್ಜಾನಿನಲ್ಲಿ ನಿಂತಾಗ ಇಳಿದವರು ನಾವಿಬ್ಬರೇ: ನಾನು ಮತ್ತು ಎಂಟನೆಯ ತರಗತಿಯಲ್ಲಿ ಓದುವ ಮಗಳು. ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ ನಡೆದರೆ ಕೋಟೆ. ಪಕ್ಕದ ಹಳ್ಳಿಯಲ್ಲೇ ನನ್ನ ದೊಡ್ಡಮ್ಮನ ಮನೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಯನ್ನೆಲ್ಲ ಅಲ್ಲೇ ಕಳೆದಿದ್ದರೂ ನಾನು ಈ ಕೋಟೆಯೊಳಗೆ ಕಾಲಿಟ್ಟವನಲ್ಲ. ಮುಳ್ಳುಕಂಟಿ, ಹಾವು, ಹಾಳುಬಾವಿ ಎಂದು ಹಿರಿಯರು ಹೆದರಿಸಿದ್ದರು. ಈ ಸಲ ದೊಡ್ಡಮ್ಮನ ಮನೆಯಲ್ಲಿ ದೊಡ್ಡ ಚೀಲವನ್ನಿಟ್ಟು, ನಾಲ್ಕು ದಿನ ಕರಾವಳಿಯ ಕೋಟೆಗಳನ್ನು ನೋಡಿಕೊಂಡು ಬರುವುದೆಂದು ಹೊರಟಿದ್ದೆವು.

ಮೊದಲ ನೋಟಕ್ಕೆ ಮಗಳಿಗೆ ನಿರಾಸೆಯಾಯಿತು. ಶಾಲೆಯ ಪ್ರವಾಸದಲ್ಲಿ ಚಿತ್ರದುರ್ಗವನ್ನು ಕಂಡವಳು. ಬೆಟ್ಟ ಹತ್ತಬೇಕು, ಆನೆಯಂಥ ಬಂಡೆಗಳಿರಬೇಕು, ಅದು ಕೋಟೆ ಎಂದು ತಿಳಿದಿದ್ದಾಳೆ. ಇಲ್ಲಿ ಬಯಲಿನಂಥ ನೆಲದ ಮೇಲೆ ಕೆಂಪು ಕಪ್ಪಾಗಿ ಪಾಚಿಗಟ್ಟಿದ ಗೋಡೆಗಳು, ದುಂಡನೆಯ ಬುರುಜುಗಳು, ಹುಲ್ಲು ತುಂಬಿದ ಕಂದಕ. “ಇಷ್ಟೇನಾ?” ಎಂದಳು. ಆದರೆ ಬಾಗಿಲನ್ನು ದಾಟಿ ಎರಡನೆಯ ಸುತ್ತಿನ ಗೋಡೆಯನ್ನು ಏರಿ ನಿಂತಾಗ ಮಾತು ನಿಂತಿತು. ಸುಮಾರು 10 ಎಕರೆಯ ಆವರಣ. ಒಳಗೆ ನೆಲಗಟ್ಟಿನವರೆಗೆ ಮಾತ್ರ ಉಳಿದ ಕಟ್ಟಡಗಳ ಸಾಲು, ಆಳವಾದ ಬಾವಿಗಳು, ಕತ್ತಲಿನತ್ತ ಇಳಿಯುವ ಮೆಟ್ಟಿಲುಗಳು. ಇವೆಲ್ಲ ಬಹುಕಾಲ ಮಣ್ಣು ಗಿಡಗಳಡಿ ಹೂತಿದ್ದವು. 2000-01ರಲ್ಲಿ ಪುರಾತತ್ತ್ವ ಇಲಾಖೆಯವರು ಉತ್ಖನನ ನಡೆಸಿದರು. ಕೆಲವು ಕಡೆ ಹೊಸದಾಗಿ ಕಟ್ಟಿದ ಗೋಡೆ ಹಳೆಯದಕ್ಕೆ ಅಂಟಿಕೊಂಡಿದೆ. ಎಲ್ಲಿ ಹಳತು ಮುಗಿಯಿತು, ಎಲ್ಲಿ ಹೊಸತು ಶುರುವಾಯಿತು ಎಂದು ಪತ್ತೆ ಹಚ್ಚುವ ಆಟವನ್ನು ಮಕ್ಕಳಿಂದ ಆಡಿಸಬಹುದು. ನಮ್ಮ ಮಟ್ಟಿಗೆ ಒಂದು ಗಂಟೆ ಅದರಲ್ಲೇ ಕಳೆಯಿತು.

ಕರಾವಳಿಯ ಕೋಟೆ ಎಂದೊಡನೆ ಅಪ್ಪಳಿಸುವ ಅಲೆಗಳನ್ನು ನೆನೆಯಬೇಡಿ. ಮಿರ್ಜಾನಿನ ಕೋಟೆ ಕಾಯುತ್ತಿದ್ದುದು ಅಘನಾಶಿನಿ ನದಿಯನ್ನು. ಸಿರಸಿಯ ಕಡೆಯ ಮಲೆನಾಡಿನಿಂದ ಇಳಿದು ತದಡಿಯ ಹತ್ತಿರ ಕಡಲನ್ನು ಸೇರುವ ಈ ನದಿಯಲ್ಲಿ ಉಬ್ಬರದ ನೀರು ಮಿರ್ಜಾನಿನವರೆಗೂ ಏರಿ ಬರುತ್ತದೆ. ಘಟ್ಟದ ಮೇಲಿನ ಕಾಳುಮೆಣಸು ಹೊಳೆಯ ದಾರಿಯಲ್ಲಿ ಕೆಳಗಿಳಿದು, ದೋಣಿಯೇರಿ, ಅರಬ್ಬರ ಮತ್ತು ಪೋರ್ಚುಗೀಸರ ಹಡಗುಗಳನ್ನು ಸೇರುತ್ತಿತ್ತು. ಹೊಳೆಯ ಬಾಯಿ ಯಾರ ಕೈಯಲ್ಲಿದೆಯೋ ಸುಂಕ ಅವರದು. ನಕ್ಷೆಯನ್ನು ಬಿಡಿಸಿ ನೋಡಿ: ಕಾಳಿಯ ಬಾಯಿಗೆ ಸದಾಶಿವಗಡ, ಶರಾವತಿಯ ಬಾಯಿಗೆ ಬಸವರಾಜದುರ್ಗ, ಗುರುಪುರ ಹೊಳೆಗೆ ಸುಲ್ತಾನ್ ಬತ್ತೇರಿ, ಚಂದ್ರಗಿರಿ ಹೊಳೆಗೆ ಚಂದ್ರಗಿರಿ ಕೋಟೆ. ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಮಕ್ಕಳು ಈ ಹೊಳೆಗಳ ಹೆಸರನ್ನು ಕಲಿತರೆ ಅರ್ಧ ಚರಿತ್ರೆ ತಿಳಿದಂತೆಯೇ.

ಮಿರ್ಜಾನಿನ ಹೆಸರಿನೊಂದಿಗೆ ಜನ ಇಂದಿಗೂ ಸೇರಿಸಿ ಹೇಳುವುದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರನ್ನು. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ಮೆಣಸಿಗಾಗಿ ಅವಳೊಂದಿಗೆ ಕಾದಾಡಿದರು, ವ್ಯಾಪಾರವನ್ನೂ ಮಾಡಿದರು. ಕೊನೆಗೆ ಅವಳನ್ನು ಸೋಲಿಸಿದ್ದು ಕಡಲಾಚೆಯವರಲ್ಲ, ಘಟ್ಟದ ಮೇಲಿನ ಕೆಳದಿ ಅರಸರು.

ಬುರುಜಿನ ಮೇಲೆ ಕುಳಿತು ದೊಡ್ಡಮ್ಮ ಕಟ್ಟಿಕೊಟ್ಟ ಅವಲಕ್ಕಿಯನ್ನು ತಿನ್ನುವಾಗ ಮಗಳು ಕೇಳಿದಳು: “ಅಪ್ಪಾ, ಇದನ್ನು ಒಡೆದವರು ಯಾರು?”

ಪಠ್ಯಪುಸ್ತಕದ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಇಂಥವನು ದಂಡೆತ್ತಿ ಬಂದ, ಇಂಥವನು ಗೆದ್ದ. ಆದರೆ ಫಿರಂಗಿ ಗುಂಡು ಬಿದ್ದು ಈ ನೆಲಗಟ್ಟುಗಳು ಇಷ್ಟು ಬೋಳಾಗುವುದಿಲ್ಲ. ಗುಂಡು ಬಿದ್ದರೆ ಕಲ್ಲಿನ ರಾಶಿಯಾದರೂ ಉಳಿಯಬೇಕು. ಇಲ್ಲಿ ಕಲ್ಲೇ ಇಲ್ಲ.

ಈ ಕಲ್ಲಿನ ವಿಷಯವನ್ನು ಸ್ವಲ್ಪ ಹೇಳಬೇಕು. ಉತ್ತರ ಕನ್ನಡದಲ್ಲಿ ಚಿರೆಕಲ್ಲು, ಉಡುಪಿ ಮಂಗಳೂರಿನ ಕಡೆ ಮುರಕಲ್ಲು, ಭೂಗೋಳದ ಪುಸ್ತಕದಲ್ಲಿ ಜಂಬಿಟ್ಟಿಗೆ. ನೆಲದೊಳಗಿರುವಾಗ ಕೊಡಲಿಯಂಥ ಆಯುಧದಿಂದಲೇ ಕಡಿಯುವಷ್ಟು ಮೆದು. ಹೊರಗೆ ತೆಗೆದು ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರಂತೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆಯಲ್ಲ! ಮೈತುಂಬ ತೂತುಗಳಿರುವ ಈ ಕಲ್ಲು ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ಹೀರುತ್ತದೆ, ಪಾಚಿ ಹಿಡಿಯುತ್ತದೆ. ಆ ಸಂದಿಗೆ ಹಕ್ಕಿ ಅರಳಿಯ ಬೀಜ ತಂದು ಹಾಕಿದರೆ ಮುಗಿಯಿತು. ಬೇರು ಮಾಡುವ ಕೆಲಸವನ್ನು ಯಾವ ದಂಡನಾಯಕನೂ ಮಾಡಲಾರ.

ಇವೆರಡನ್ನೂ ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ದೊಡ್ಡಮ್ಮನ ಹಿತ್ತಲಿನ ಬಾವಿಕಟ್ಟೆ ನೆನಪಾಯಿತು. “ಇದು ಕೋಟೆಕಲ್ಲು, ನೂರು ವರ್ಷವಾದರೂ ಕದಲುವುದಿಲ್ಲ” ಎಂದು ನಮ್ಮ ಅಜ್ಜ ಆ ಕಟ್ಟೆಯನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಆಗ ಅದು ಕಳ್ಳತನವೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಅಚ್ಚುಕಟ್ಟಾಗಿ ಕಡಿದಿಟ್ಟ ಕಲ್ಲು, ಕೇಳುವವರಿಲ್ಲ. ನಾನು ಈಜು ಕಲಿಯುವ ಮೊದಲು ಕೊಡಪಾನವನ್ನು ಎಳೆಯಲು ಕಲಿತದ್ದು ಅದೇ ಕಲ್ಲಿನ ಮೇಲೆ ಕಾಲೂರಿ. ಮಗಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಅವಲಕ್ಕಿಯ ಡಬ್ಬಿಯನ್ನು ಮುಚ್ಚಿದಳು.

ಮರುದಿನ ಹೊನ್ನಾವರಕ್ಕೆ ಹೋಗಿ, ಶರಾವತಿಯ ಗುಂಟ ಗೇರುಸೊಪ್ಪೆಗೆ ನಡೆದೆವು ಎನ್ನುವ ಹಾಗಿಲ್ಲ, ಬಸ್ಸಿನಲ್ಲೇ ಹೋದೆವು. 30 ಕಿಲೋಮೀಟರಿನಷ್ಟು ದಾರಿ. ಹೊಳೆಯ ಆಚೆ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಒಳಗಿನ ಮೂರ್ತಿ ನಿಮ್ಮನ್ನೇ ನೋಡುತ್ತದೆ. ಆದರೆ ರಾಣಿಯ ನಗರವೆಲ್ಲಿ? 1623ರಲ್ಲಿ ಇಟಲಿಯ ಪ್ರವಾಸಿ ಪಿಯತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವ ದಾರಿಯಲ್ಲಿ ದೋಣಿಯಲ್ಲಿ ಇಲ್ಲಿಗೆ ಬಂದಿದ್ದ. ಆಗಲೇ ಅರಮನೆ ಹಾಳುಬಿದ್ದು ಗಿಡಮರ ಬೆಳೆದಿತ್ತು. ಲೆಕ್ಕ ಹಾಕಿ, ರಾಣಿ ಸೋತು 17 ವರ್ಷವಷ್ಟೇ ಆಗಿತ್ತು. ನಗರವೊಂದು ಕಾಡಾಗಲು ಶತಮಾನಗಳು ಬೇಕೆಂದು ನಾವು ತಿಳಿದಿದ್ದೇವೆ. ನಮ್ಮ ಕಡೆಯ ಮಳೆಗೆ ಅಷ್ಟು ಸಮಯ ಬೇಡ.

ಬಾರಕೂರನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದು ನಮ್ಮ ತಪ್ಪು. ಆಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ರಾಜ್ಯಪಾಲರ ಠಾಣೆ. ಕತ್ತಲೆ ಬಸದಿಯೊಂದಕ್ಕೇ ಅರ್ಧ ದಿನ ಬೇಕು. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ ಅಷ್ಟು ಹೊತ್ತನ್ನು ಬೇಡುವುದಿಲ್ಲ. 1784ರಲ್ಲಿ, ಮಂಗಳೂರು ಒಪ್ಪಂದವಾದ ವರ್ಷ, ಹೊಳೆಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲು ಗೋಪುರ. ಫಿರಂಗಿಯನ್ನಿಡುವ ಕಂಡಿಗಳು, ಕೆಳಗೆ ಮದ್ದಿನ ಕೋಣೆ, ಅಷ್ಟೇ. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿದರೆ ಮಾತ್ರ ಅದು ಅಲ್ಲೇ ಏಕಿದೆ ಎಂಬುದು ಕಣ್ಣಿಗೆ ಹೊಳೆಯುತ್ತದೆ.

ಇನ್ನು ಬೇಕಲ. ಮಂಗಳೂರಿನಿಂದ ಸುಮಾರು 65 ಕಿಲೋಮೀಟರ್ ದಕ್ಷಿಣಕ್ಕೆ, ಕಾಸರಗೋಡು ಜಿಲ್ಲೆಯಲ್ಲಿದೆ. ಇಲ್ಲಂತೂ ಅಲೆಗಳು ನಿಜವಾಗಿಯೂ ಕೋಟೆಯ ಬುಡಕ್ಕೆ ಬಂದು ಬಡಿಯುತ್ತವೆ. 40 ಎಕರೆಯ ಈ ಕೋಟೆಯನ್ನು ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ. 1763ರ ನಂತರ ಹೈದರನ ಕೈಗೆ, ಮುಂದೆ ಟಿಪ್ಪುವಿನ ಕೈಗೆ, ಆಮೇಲೆ ಕಂಪೆನಿಯ ಕೈಗೆ ಹೋಯಿತು. ಬೇಕಲ ದಕ್ಷಿಣ ಕನ್ನಡದ ಒಂದು ತಾಲ್ಲೂಕೂ ಆಗಿತ್ತು. 1956ರಲ್ಲಿ ಕಾಸರಗೋಡು ಕೇರಳವನ್ನು ಸೇರಿತು. ಪಕ್ಕದ ಕಾಞಂಗಾಡಿನಲ್ಲಿ ಕೆಳದಿಯವರದೇ ಇನ್ನೊಂದು ಕೋಟೆಯಿದೆ. ಅದರ ಹೆಸರು ಹೊಸದುರ್ಗ, ಈಗಲೂ ಅದೇ.

ಬೇಕಲದಲ್ಲಿ ಅರಮನೆಯಿಲ್ಲ, ಅಂತಃಪುರವಿಲ್ಲ. ಪ್ರವಾಸಿಗರು ಹುಡುಕಿ ಬೇಸರಪಡುತ್ತಾರೆ. ಇದು ಕಾವಲಿಗೆಂದೇ ಕಟ್ಟಿದ ಕೋಟೆ. ಮೆಟ್ಟಿಲುಗಳ ಕೊಳ, ಮದ್ದಿನ ಮನೆ, ಅಗಲವಾದ ಇಳಿಜಾರಿನಲ್ಲಿ ಏರುವ ವೀಕ್ಷಣಾ ಗೋಪುರ, ಗೋಡೆಯ ತುಂಬ ಕಂಡಿಗಳು. ಕಂಡಿಗಳನ್ನು ಗಮನವಿಟ್ಟು ನೋಡಬೇಕು. ಮೇಲಿನವು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ, ಇನ್ನೂ ಕೆಳಗಿನವು ಗೋಡೆಯ ಬುಡವನ್ನು ತಲುಪಿದವನಿಗೆ. ಮಗಳು ಒಂದೊಂದರಲ್ಲೂ ಕಣ್ಣಿಟ್ಟು, ಎಷ್ಟು ದೂರದ ಮರಳು ಕಾಣುತ್ತದೆ ಎಂದು ಪುಸ್ತಕದಲ್ಲಿ ಗೆರೆ ಎಳೆದುಕೊಂಡಳು. ರೇಖಾಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿರಲಿಲ್ಲ. 1995ರ ‘ಬಾಂಬೆ’ ಚಿತ್ರದ ಹಾಡನ್ನು ನೆನೆಸಿಕೊಂಡು ಅದೇ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುವವರ ಸಾಲು ಬೇರೆಯೇ ಇತ್ತು.

ಇಲ್ಲೂ ಅದೇ ಕಲ್ಲು. ಆದರೆ ಗೋಡೆ ನಿಂತಿದೆ, ಕಾವಲುಗಾರರಿದ್ದಾರೆ, ಒಳಗೆ ಹೋಗಲು ಚೀಟಿ ಕೊಳ್ಳಬೇಕು. ಆದರೂ ಒಂದು ಮೂಲೆಯಲ್ಲಿ ಮೊಳೆಯಿಂದ ಕೊರೆದ ಹೆಸರುಗಳು. ಒಂದು ಶಾಲೆಯ ಹೆಸರೂ ಇತ್ತು, ಇಸವಿಯ ಸಮೇತ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟರುಗಳು ಬಸ್ಸಿನಲ್ಲೇ ಇದನ್ನೊಂದು ಮಾತು ಹೇಳಿದರೆ ಒಳ್ಳೆಯದು.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಅನುಕೂಲ. ಮಳೆಗಾಲದಲ್ಲಿ ಮಿರ್ಜಾನ್ ಹಸಿರು ವೆಲ್ವೆಟ್ಟು ಹೊದ್ದಂತೆ ಕಾಣುತ್ತದೆ ನಿಜ, ಕಾಲೂ ಅಷ್ಟೇ ಜಾರುತ್ತದೆ. ಬಾವಿಗಳ ಹತ್ತಿರ ಚಿಕ್ಕ ಮಕ್ಕಳ ಕೈಯನ್ನು ಬಿಡಬೇಡಿ. ಮಿರ್ಜಾನಿಗೆ ಕುಮಟಾ, ಬೇಕಲಕ್ಕೆ ಕಾಸರಗೋಡು ಅಥವಾ ಕಾಞಂಗಾಡು ಅನುಕೂಲವಾದ ರೈಲು ನಿಲ್ದಾಣಗಳು. ಕುಡಿಯುವ ನೀರನ್ನು ಕಟ್ಟಿಕೊಂಡು ಹೋಗಿ.

ನಾವು ರೈಲಿನಲ್ಲಿ ಕುಮಟಾಕ್ಕೆ ಮರಳಿ ದೊಡ್ಡಮ್ಮನ ಮನೆ ತಲುಪುವಾಗ ಸಂಜೆಯಾಗಿತ್ತು. ಕೈಕಾಲು ತೊಳೆಯಲು ಹೋದ ಮಗಳು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಬಾವಿಕಟ್ಟೆಯ ಮೇಲೆ ಒಂದು ಕೊಡ ನೀರು ಹೊಯ್ದು, ತೆಂಗಿನ ನಾರಿನಿಂದ ಪಾಚಿಯನ್ನು ತಿಕ್ಕಿ, ಉಳಿಯ ಗುರುತುಗಳನ್ನು ಎಣಿಸುತ್ತಿದ್ದಳು.

“ದೊಡ್ಡಜ್ಜಿ, ಈ ಕಲ್ಲನ್ನು ವಾಪಸು ಕೋಟೆಗೆ ಕೊಡಬಹುದಾ?”

ದೊಡ್ಡಮ್ಮ ದೀಪ ಹಚ್ಚಲು ಹೊರಟವರು ನಿಂತರು. ಕಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಈಗ ತೆಗೆದ್ರೆ ಬಾವಿ ಬೀಳ್ತದೆ ಮಗಾ. ಎಷ್ಟು ಕಲ್ಲಿದೆ ಅಂತ ಬರೆದಿಟ್ಕೋ.”

ಮಗಳು ಎಣಿಸಿ ಬರೆದಳು. 46.